ವ್ಯಾಗನ್ ಆರ್ ಬೆನ್ನಿಗೆ ಎರಡು ಸೈಕಲ್: ಒಂದು ಬೆಲ್ಟ್ ರ‍್ಯಾಕ್ ಬಳಸಿ ನೋಡಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಹಗುರವಾದ ಎರಡು ಸೈಕಲ್, ತಗಡಿನ ಹಿಂಬಾಗಿಲಿರುವ ಸಣ್ಣ ಕಾರು, ಆಗೀಗ ಒಂದು ದೂರದ ಪ್ರಯಾಣ. ಇಷ್ಟು ನಿಮ್ಮ ಅಗತ್ಯವಾಗಿದ್ದರೆ ನಾಲ್ಕು ಸಾವಿರದೊಳಗೆ ಸಿಗುವ, ಹಿಂಬಾಗಿಲಿಗೆ ಬೆಲ್ಟಿನಿಂದ ಕಟ್ಟಿ ಸೈಕಲ್ ನೇತುಹಾಕುವ ಈ ಬೆಲ್ಟ್ ರ‍್ಯಾಕ್ ಕೊಟ್ಟ ದುಡ್ಡಿಗೆ ಸರಿಯಾಗಿದೆ. ಆದರೆ ಪೆಟ್ಟಿಗೆಯಲ್ಲಿ ಬಂದದ್ದನ್ನು ಬಂದ ಹಾಗೇ ಬಿಗಿದುಕೊಂಡು ಹೊರಡುವ ಸಾಮಾನು ಇದಲ್ಲ. ಕೊಳ್ಳುವಾಗ ಎಲ್ಲರೂ ಪೈಪಿನ ದಪ್ಪ ನೋಡುತ್ತಾರೆ. ನೋಡಬೇಕಾದದ್ದು ಬೆಲ್ಟು, ಬಕಲ್ಲು, ಕೊಕ್ಕೆ. ದಾರಿಯಲ್ಲಿ ಸೈಕಲ್ ಉಳಿಯುವುದು ಆ ಮೂರರ ಮೇಲೆ.

ನಾವು ಧಾರವಾಡದವರು. ಮಗಳು ರೋಡ್ ಸೈಕಲ್ ರೇಸಿಗೆ ಹೋಗುತ್ತಾಳೆ. ನಮ್ಮ ಕಡೆ ಸೈಕಲ್ ರೇಸ್ ಅಂದರೆ ವಿಜಯಪುರ, ಬಾಗಲಕೋಟೆ, ಜಮಖಂಡಿ. ಆ ಸೀಮೆಯ ಮಕ್ಕಳು ಸೈಕಲ್ಲಿನಲ್ಲಿ ಪದಕ ತರುವುದು ಹೊಸ ಸುದ್ದಿಯೇನಲ್ಲ. ಧಾರವಾಡದಿಂದ ವಿಜಯಪುರಕ್ಕೆ 200 ಕಿ.ಮೀ. ಆಸುಪಾಸು. ರೇಸ್ ಬಿಸಿಲೇರುವ ಮೊದಲೇ ಶುರುವಾಗುತ್ತದೆ, ಹಾಗಾಗಿ ಹಿಂದಿನ ದಿನವೇ ಹೋಗಿ ಉಳಿಯಬೇಕು. ಕಾರಿನಲ್ಲಿ ಮಗಳು, ಮಗ, ನಮ್ಮ ಅತ್ತೆಯವರು, ಜೊತೆಗೆ ರೊಟ್ಟಿ-ಶೇಂಗಾ ಚಟ್ನಿಯ ಗಂಟು. ಓಡಿಸುವುದು ನಾನು. ಮೊಮ್ಮಗಳ ರೇಸ್ ಇರುವಾಗ ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೋಗುವ ಮಾತೇ ಇಲ್ಲ. ಅಂದ ಮೇಲೆ ಸೈಕಲ್ ಹೊರಗೇ ಹೋಗಬೇಕು.

ನೀವು ಒಬ್ಬರೇ ಅಥವಾ ಇಬ್ಬರೇ ಹೋಗುವವರು, ಸೈಕಲ್ ಒಂದೇ ಅಂತಾದರೆ ಇಲ್ಲಿಗೇ ಓದು ನಿಲ್ಲಿಸಬಹುದು. ರೋಡ್ ಸೈಕಲ್ಲಿನ ಎರಡೂ ಚಕ್ರ ಬಿಚ್ಚಿ, ಹಿಂದಿನ ಸೀಟು ಮಡಚಿ, ಹಳೆಯ ದುಪ್ಪಟಿ ಹಾಸಿ ಒಳಗೆ ಮಲಗಿಸಿ. ಅದಕ್ಕಿಂತ ಸುರಕ್ಷಿತವಾದ ಜಾಗ ಇನ್ನೊಂದಿಲ್ಲ. ಮಳೆ ಇಲ್ಲ, ಧೂಳಿಲ್ಲ, ಕಳ್ಳರ ಚಿಂತೆ ಇಲ್ಲ, ಪೊಲೀಸರ ಪ್ರಶ್ನೆಯೂ ಇಲ್ಲ.

ಕಾರಿನ ನೆತ್ತಿಯ ಮೇಲೆ ಕೂರಿಸುವ ರ‍್ಯಾಕನ್ನೂ ನೋಡಿದೆವು. ಅದರ ಹಿಡಿತ ಒಳ್ಳೆಯದು, ನಂಬರ್ ಪ್ಲೇಟಿಗೂ ಅಡ್ಡ ಬರುವುದಿಲ್ಲ. ಆದರೆ ವ್ಯಾಗನ್ ಆರ್ ಮೊದಲೇ ಎತ್ತರದ ಗಾಡಿ. 15 ಕೆ.ಜಿ. ಸೈಕಲ್ಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ಬೋಲ್ಟು ಬಿಗಿಯುವುದು ನನ್ನ ಕೈಲಾಗದು. ಗಾಳಿ ತಡೆದು ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಮೇಲೆ ಸೈಕಲ್ ಇದೆ ಅನ್ನುವುದನ್ನು ಮರೆತು ಲಾಡ್ಜಿನ ಪಾರ್ಕಿಂಗ್ ಕಮಾನಿನೊಳಗೆ ನುಗ್ಗಿದರೆ ಸೈಕಲ್ಲೂ ಹೋಯಿತು, ಕಾರಿನ ಚಾವಣಿಯೂ ಹೋಯಿತು. ಥಾರ್ ತರಹ ಹಿಂದೆ ಸ್ಟೆಪ್ನಿ ಇರುವ ಗಾಡಿಯವರಿಗೆ ಸ್ಟೆಪ್ನಿಗೇ ಬಿಗಿಯುವ ರ‍್ಯಾಕ್ ಬರುತ್ತದೆ. ಅದು ಬೆಲ್ಟಿಗಿಂತ ಗಟ್ಟಿ. ನಮಗೆ ಉಳಿದದ್ದು ಹಿಂಬಾಗಿಲಿಗೆ ಬೆಲ್ಟಿನಿಂದ ಕಟ್ಟುವ ಬಗೆ.

ಈ ಬಗೆಯಲ್ಲೂ ಮೇಲು ಕೀಳು ಇದೆ. ಹುಬ್ಬಳ್ಳಿಯ ಪರಿಚಯದವರ ಬಳಿ ಸಾರಿಸ್ ಕಂಪನಿಯ ಬೋನ್ಸ್ ಇದೆ. ಕಮಾನಿನಂತೆ ಬಾಗಿದ ಪ್ಲಾಸ್ಟಿಕ್ ಮೈ, ತುಕ್ಕು ಹಿಡಿಯುವ ಮಾತಿಲ್ಲ, ಹಿಂಬಾಗಿಲಿನ ಮೇಲಂಚಿಗೆ ರೆಕ್ಕೆಯಂತೆ ಚಾಚಿಕೊಂಡಿರುವ ಸ್ಪಾಯ್ಲರನ್ನು ಮುಟ್ಟದೆ ದಾಟಿಕೊಂಡು ಕೂರುತ್ತದೆ. ಸ್ವೀಡನ್ನಿನ ಥೂಲೆ ಕಂಪನಿಯದೂ ಸಿಗುತ್ತದೆ. ಎರಡೂ ಚೆಂದ. ಬೆಲೆ ಮಾತ್ರ ನಮ್ಮದರ ಹಲವು ಪಟ್ಟು. ಪ್ರತಿ ಭಾನುವಾರ ಸೈಕಲ್ ಕಟ್ಟುವವರು ಆ ಕಡೆ ನೋಡಿ. ನಾನು ಕೊಂಡದ್ದು ಕಬ್ಬಿಣದ ಪೈಪಿನ, ಕಪ್ಪು ಬಣ್ಣ ಬಳಿದ, ಮಡಚುವ ರ‍್ಯಾಕ್. ಆನ್‌ಲೈನಿನಲ್ಲಿ ಇದೇ ಅಚ್ಚಿನದು ಹತ್ತಾರು ಹೆಸರಿನಲ್ಲಿದೆ. ನನ್ನದರ ಮೇಲಿನ ಹೆಸರಿನ ಸ್ಟಿಕರ್ ಆಗಲೇ ಕಿತ್ತು ಹೋಗಿದೆ, ಹೇಳಿದರೂ ಉಪಯೋಗವಿಲ್ಲ.

ಪೆಟ್ಟಿಗೆಯಲ್ಲಿ ಏನೇನಿತ್ತು ಅಂದರೆ: ಮೇಲಿನ ಚೌಕಟ್ಟು, ಕೆಳಗಿನ ಚೌಕಟ್ಟು, ಸೈಕಲ್ ನೇತುಹಾಕಲು ಹಿಂದಕ್ಕೆ ಚಾಚುವ ಎರಡು ತೋಳು, ತೋಳಿನ ಮೇಲೆ ಸೈಕಲ್ಲಿನ ಅಡ್ಡ ಪೈಪು ಕೂರುವ ರಬ್ಬರ್ ತೊಟ್ಟಿಲುಗಳು, ಆರು ಬೆಲ್ಟು. ಕಾರಿಗೆ ತಾಗುವ ಕಡೆಯೆಲ್ಲ ಸ್ಪಂಜು ಸುತ್ತಿದ್ದಾರೆ. ಎರಡು ಚೌಕಟ್ಟಿನ ನಡುವಿನ ಕೋನವನ್ನು ಕಾರಿಗೆ ತಕ್ಕಂತೆ ಬದಲಿಸಬಹುದು. ಜೋಡಿಸಲು ಒಂದು ಪಾನಾ ಸಾಕು. ಜೊತೆಗೆ ಬಂದ ಚೀಟಿಯ ಚಿತ್ರಗಳು ಇರುವೆಯ ಗಾತ್ರದವು. ಯಾವ ಬೆಲ್ಟು ಎಲ್ಲಿಗೆ, ಯಾಕೆ ಅನ್ನುವ ಒಂದು ಸಾಲೂ ಅದರಲ್ಲಿಲ್ಲ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಯಾಕೆಂದರೆ ಬೆಲ್ಟಿನ ಕೆಲಸ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿಯೇ ಗೊತ್ತಾಗುತ್ತದೆ.

ಸೈಕಲ್ಲಿನ ಭಾರ ಬಾಗಿಲಿನಿಂದ ಒಂದಡಿಗೂ ಹೆಚ್ಚು ಹಿಂದೆ ನೇತಾಡುತ್ತದೆ. ಹಾಗಾಗಿ ರ‍್ಯಾಕಿನ ತಲೆ ಯಾವಾಗಲೂ ಕಾರಿನಿಂದ ಹಿಂದಕ್ಕೆ ವಾಲಲು ನೋಡುತ್ತದೆ, ಕಾಲು ಬಂಪರಿಗೆ ಒತ್ತಿಕೊಳ್ಳುತ್ತದೆ. ವಾಲದಂತೆ ಹಿಡಿದಿರುವುದು ಮೇಲಿನ ಎರಡು ಬೆಲ್ಟು. ಭಾರದ ಬಹುಪಾಲು ಅವುಗಳದ್ದೇ. ಪಕ್ಕದ ಎರಡು ಬೆಲ್ಟು ತಿರುವಿನಲ್ಲಿ ರ‍್ಯಾಕ್ ಎಡಕ್ಕೆ ಬಲಕ್ಕೆ ಜರುಗದಂತೆ ನೋಡಿಕೊಳ್ಳುತ್ತವೆ. ಕೆಳಗಿನ ಎರಡು ಯಾಕೆ ಅಂತ ಮೊದಲ ಹಂಪಿನ ಮೇಲೆ ತಿಳಿಯುತ್ತದೆ. ಹಂಪು ಇಳಿಯುವಾಗ ಇಡೀ ರ‍್ಯಾಕ್ ಮೇಲಕ್ಕೆ ಎಗರುತ್ತದೆ. ಆಗ ಮೇಲಿನ ಬೆಲ್ಟು ಒಂದು ಕ್ಷಣ ಸಡಿಲ. ಸಡಿಲವಾದ ಕೊಕ್ಕೆ ಅಂಚಿನಿಂದ ಜಾರುತ್ತದೆ. ಕೆಳಗಿನ ಬೆಲ್ಟು ಬಿಗಿಯಾಗಿದ್ದರೆ ಎಗರುವುದೇ ಇಲ್ಲ. ಪೇಟೆಯೊಳಗೆ ಓಡಾಡುವ ಬಹಳ ಕಾರುಗಳಲ್ಲಿ ಈ ಕೆಳಗಿನ ಬೆಲ್ಟುಗಳನ್ನು ಹಾಕಿರುವುದೇ ಇಲ್ಲ, ನೋಡಿ.

ಬಿಗಿಯುವ ಕ್ರಮ ಹೀಗೆ. ಮೊದಲು ಮೇಲಿನದು, ಆಮೇಲೆ ಕೆಳಗಿನದು, ಕೊನೆಗೆ ಪಕ್ಕದ್ದು. ಒಮ್ಮೆಗೇ ಪೂರ್ತಿ ಎಳೆಯಬಾರದು. ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಅಂತ ಎಳೆಯುತ್ತಾ ಬಂದರೆ ರ‍್ಯಾಕ್ ಸೊಟ್ಟ ಕೂರುವುದಿಲ್ಲ. ಮೇವಿನ ಗಾಡಿಗೆ ಹಗ್ಗ ಬಿಗಿಯುವವರು ಎರಡೂ ಕಡೆ ನಿಂತು ಸರದಿಯಲ್ಲಿ ಎಳೆಯುತ್ತಾರಲ್ಲ, ಹಾಗೆ. ಎಲ್ಲಾ ಬಿಗಿದ ಮೇಲೆ ತೋಳು ಹಿಡಿದು ಜೋರಾಗಿ ಅಲ್ಲಾಡಿಸಬೇಕು. ರ‍್ಯಾಕಿನ ಜೊತೆ ಕಾರೂ ಅಲ್ಲಾಡಿದರೆ ಸರಿಯಾಗಿದೆ. ರ‍್ಯಾಕ್ ಮಾತ್ರ ಅಲ್ಲಾಡಿದರೆ ಇನ್ನೂ ಎಳೆಯಬೇಕು.

ಕೊಕ್ಕೆ ಸಿಕ್ಕಿಸುವ ಜಾಗ ಅದಕ್ಕಿಂತ ಮುಖ್ಯ. ಹಿಂಬಾಗಿಲಿನ ತಗಡಿನ ಅಂಚಿಗೇ ಸಿಕ್ಕಿಸಬೇಕು. ಗಾಜಿನ ಅಂಚಿಗೆ ಬೇಡ, ಪ್ಲಾಸ್ಟಿಕ್ ಸ್ಪಾಯ್ಲರಿಗೆ ಬೇಡವೇ ಬೇಡ. ಸ್ಪಾಯ್ಲರ್ ಅಂದಕ್ಕೆ ಅಂಟಿಸಿದ್ದು, ಭಾರ ಹೊರಲಿಕ್ಕಲ್ಲ. ವ್ಯಾಗನ್ ಆರ್ ಹಿಂಬಾಗಿಲು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುವುದರಿಂದ ಈ ರ‍್ಯಾಕಿಗೆ ಚೆನ್ನಾಗಿ ಒಗ್ಗುತ್ತದೆ. ಬಾಗಿಲು ತೆರೆದು, ಮೇಲಂಚಿಗೆ ಕೊಕ್ಕೆ ಸಿಕ್ಕಿಸಿ, ಕೈಯಲ್ಲಿ ಹಿಡಿದುಕೊಂಡೇ ಮೆಲ್ಲಗೆ ಮುಚ್ಚಬೇಕು. ಇದಕ್ಕೆ ಇಬ್ಬರು ಬೇಕು. ಕೆಲವು ಹೊಸ ಕಾರುಗಳ ಹಿಂಬಾಗಿಲು ತಗಡಿನದ್ದೇ ಅಲ್ಲ, ಪ್ಲಾಸ್ಟಿಕ್ ಬಗೆಯದ್ದು. ಅಂಥವರು ಕಾರಿನ ಕೈಪಿಡಿ ತೆರೆದು ಓದದೆ ರ‍್ಯಾಕ್ ಕೊಳ್ಳಬೇಡಿ. ಒಂದು ಅಯಸ್ಕಾಂತ ಹಿಡಿದು ನೋಡಿದರೂ ಅರ್ಧ ಉತ್ತರ ಸಿಕ್ಕಿತು.

ನಮ್ಮ ರ‍್ಯಾಕಿನ ಕೊಕ್ಕೆಗಳಿಗೆ ತೆಳ್ಳನೆಯ ಪ್ಲಾಸ್ಟಿಕ್ ಲೇಪ ಇತ್ತು. ಒಂದೆರಡರಲ್ಲಿ ಬೇಗನೇ ಸುಲಿದು ಕಬ್ಬಿಣ ಇಣುಕಿತು. ಕಬ್ಬಿಣ ಇಣುಕಿದರೆ ಬಾಗಿಲಿನ ಅಂಚಿನ ಪೇಂಟ್ ಹೋಗುತ್ತದೆ, ಪೇಂಟ್ ಹೋದಲ್ಲಿ ತುಕ್ಕು. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಕೊಕ್ಕೆಗೆ ತೊಡಿಸಿದೆ. ಇದು ಬಂದ ಲೇಪಕ್ಕಿಂತ ಚೆನ್ನಾಗಿದೆ. ಸೈಕಲ್ ಇರುವ ಮನೆಯಲ್ಲಿ ಹಳೆಯ ಟ್ಯೂಬಿಗೇನು ಬರ?

ಪೇಂಟಿನ ವಿಷಯಕ್ಕೆ ಬಂದೆ, ಅದನ್ನೂ ಹೇಳಿ ಮುಗಿಸುತ್ತೇನೆ. ಸ್ಪಂಜು ಸುತ್ತಿದ್ದಾರೆ, ಗೀರು ಬೀಳುವುದಿಲ್ಲ ಅಂತ ಎಲ್ಲರೂ ನಂಬುತ್ತಾರೆ. ಸ್ಪಂಜು ಗೀರುವುದಿಲ್ಲ, ನಿಜ. ಸ್ಪಂಜಿಗೂ ಕಾರಿಗೂ ನಡುವೆ ಸಿಕ್ಕ ಧೂಳು ಗೀರುತ್ತದೆ. ನವಲಗುಂದ, ನರಗುಂದದ ಎರೆ ಸೀಮೆ ದಾಟಿ ಬಂದ ಕಾರಿನ ಹಿಂಭಾಗ ಹೇಗಿರುತ್ತದೆ ಅಂತ ಆ ದಾರಿಯವರಿಗೆ ಗೊತ್ತು. ರ‍್ಯಾಕ್ ಕಟ್ಟುವ ಮೊದಲು ಬಾಗಿಲು, ಬಂಪರು, ಸ್ಪಂಜು ಮೂರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ವಾಪಸ್ ಬರುವಾಗ ರ‍್ಯಾಕ್ ಬಿಚ್ಚಿ ಇನ್ನೊಮ್ಮೆ ಒರೆಸಬೇಕು. ನಾನು ರ‍್ಯಾಕಿನ ಕಾಲು ಕೂರುವ ಜಾಗಕ್ಕೆ ಪಾರದರ್ಶಕ ಫಿಲ್ಮ್ ಅಂಟಿಸಿಬಿಟ್ಟಿದ್ದೇನೆ, ಬೈಕಿನ ಟ್ಯಾಂಕಿಗೆ ಅಂಟಿಸುತ್ತಾರಲ್ಲ ಅದೇ. ಆ ಖರ್ಚು ರ‍್ಯಾಕಿನ ಬೆಲೆಗೆ ಸೇರಿಸಿಕೊಳ್ಳಿ. ಇನ್ನು ಮೇಲಿನ ಕಾಲು ಗಾಜಿನ ಮೇಲೆ ಒತ್ತಿ ಕೂರದಂತೆ, ಗಾಜಿನ ಕೆಳಗಿನ ತಗಡಿನ ಮೇಲೆ ಬರುವಂತೆ ಕೋನ ಹೊಂದಿಸಿ.

ಈಗ ಸೈಕಲ್. ಈ ರ‍್ಯಾಕಿನ ಮಿತಿ ಒಂದು ಸೈಕಲ್ಲಿಗೆ 15 ಕೆ.ಜಿ. ಮಗಳ ರೋಡ್ ಸೈಕಲ್ 9 ಕೆ.ಜಿ. ಮಗನ ಗೇರ್ ಸೈಕಲ್ ಹೆಚ್ಚುಕಡಿಮೆ ಮಿತಿಗೇ ಬಂದು ನಿಲ್ಲುತ್ತದೆ. ನಮ್ಮ ಮಾವನವರ ಕಾಲದ ಕಪ್ಪು ದೊಡ್ಡ ಸೈಕಲ್ಲು, ಬ್ಯಾಟರಿ ಸೈಕಲ್ಲು, ಇವೆರಡನ್ನೂ ಈ ರ‍್ಯಾಕಿಗೆ ಹಾಕುವ ಯೋಚನೆಯೇ ಬೇಡ. ಎರಡೂ 20 ಕೆ.ಜಿ. ಆಚೀಚೆ ತೂಗುತ್ತವೆ. ನಿಂತಾಗಿನ 20 ಕೆ.ಜಿ. ಗುಂಡಿಯಲ್ಲಿ ಇಳಿದೆದ್ದಾಗ ಎಷ್ಟೋ ಪಟ್ಟಾಗಿ ಬೆಲ್ಟನ್ನು ಜಗ್ಗುತ್ತದೆ. ಮಿತಿ ಬರೆದಿರುವುದು ಆ ಜಗ್ಗುವಿಕೆಗೆ.

ಭಾರದ ಸೈಕಲ್ ಕಾರಿಗೆ ಹತ್ತಿರ, ಹಗುರದ್ದು ಹೊರಗೆ. ಒಂದರ ಹ್ಯಾಂಡಲ್ ಎಡಕ್ಕಾದರೆ ಇನ್ನೊಂದರದ್ದು ಬಲಕ್ಕೆ, ಇಲ್ಲದಿದ್ದರೆ ಹ್ಯಾಂಡಲ್ಲು ಹ್ಯಾಂಡಲ್ಲಿಗೆ ಗುದ್ದುತ್ತದೆ. ಕಾರಿನ ಪಕ್ಕದ ಸೈಕಲ್ಲಿನ ಚೈನು, ಗೇರು ಇರುವ ಮಗ್ಗುಲು ಕಾರಿನ ಕಡೆ ಬರಬಾರದು. ಎರಡು ಸೈಕಲ್ಲಿನ ನಡುವೆ ಪೆಡಲ್ ತಾಗಿಯೇ ತಾಗುತ್ತದೆ. ನಾನು ಒಳಗಿನ ಸೈಕಲ್ಲಿನ ಪೆಡಲ್ ಬಿಚ್ಚಿಬಿಡುತ್ತೇನೆ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಅನ್ನುವುದು ನೆನಪಿರಲಿ, ಮಾಮೂಲಿಯಂತೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಹೊರಗಿನ ಸೈಕಲ್ಲಿನ ಪೆಡಲನ್ನು ಹಿಂದಕ್ಕೆ ತಿರುಗಿಸಿ ಫ್ರೇಮಿಗೆ ಕಟ್ಟಿದರೆ ಸಾಕು. ನಡುವೆ ಒಂದು ಹಳೆಯ ಟವೆಲ್.

ಮಗನ ಸೈಕಲ್ಲಿನ ಅಡ್ಡ ಪೈಪು ಇಳಿಜಾರು. ತೋಳಿನ ಮೇಲೆ ಕೂರಿಸಿದರೆ ಸೈಕಲ್ ಮೂತಿ ಕೆಳಗೆ ಮಾಡಿಕೊಂಡು ನಿಲ್ಲುತ್ತದೆ, ಮುಂದಿನ ಚಕ್ರ ಕೆಳಗಿಳಿದು ಸೈಲೆನ್ಸರಿನ ಬಾಯಿಗೆ ಬರುತ್ತದೆ. ಸೈಲೆನ್ಸರಿನ ಬಿಸಿ ಗಾಳಿ ಸೈಕಲ್ ಟೈರಿಗೆ ಒಳ್ಳೆಯದಲ್ಲ, ದೂರದ ದಾರಿಯಲ್ಲಿ ರಬ್ಬರ್ ಕರಗಿಯೇ ಹೋಗಬಹುದು. ಇದಕ್ಕೆ ಸೀಟಿನ ಪೈಪಿಗೂ ಹ್ಯಾಂಡಲ್ ಬುಡಕ್ಕೂ ನಡುವೆ ಸಿಕ್ಕಿಸುವ ನೆಟ್ಟಗಿನ ಸರಳು ಪ್ರತ್ಯೇಕವಾಗಿ ಸಿಗುತ್ತದೆ. ಹುಡುಗಿಯರ ಸೈಕಲ್ಲು, ಮಕ್ಕಳ ಸೈಕಲ್ಲು ಇರುವವರಿಗೆ ಅದು ಬೇಕೇ ಬೇಕು. ಕಾರ್ಬನ್ ಫ್ರೇಮಿನವರು ಅಡ್ಡ ಪೈಪು ಹಿಡಿಯುವ ಇಂಥ ರ‍್ಯಾಕನ್ನೇ ಬಿಟ್ಟುಬಿಡಿ. ಆ ಪೈಪು ಸವಾರನ ಭಾರಕ್ಕೆ ಗಟ್ಟಿ, ಪಕ್ಕದಿಂದ ಒತ್ತಿ ಹಿಂಡುವುದಕ್ಕಲ್ಲ. ಮಗಳದ್ದು ಅಲ್ಯೂಮಿನಿಯಂ, ಆ ತೊಂದರೆ ಇಲ್ಲ.

ರಬ್ಬರ್ ತೊಟ್ಟಿಲು ಅಡ್ಡ ಪೈಪನ್ನು ಮಾತ್ರ ಹಿಡಿಯುತ್ತದೆ. ಸೈಕಲ್ಲಿನ ಕೆಳಭಾಗ ಗಡಿಯಾರದ ಲೋಲಕದ ತರಹ ತೂಗಾಡುತ್ತಲೇ ಇರುತ್ತದೆ. ಬೆಲೆ ಜಾಸ್ತಿಯ ರ‍್ಯಾಕುಗಳಲ್ಲಿ ಸೀಟಿನ ಕೆಳಗಿನ ಪೈಪನ್ನೂ ಹಿಡಿಯುವ ಇನ್ನೊಂದು ತೊಟ್ಟಿಲು ಇರುತ್ತದೆ, ಆಗ ತೂಗಾಟ ನಿಲ್ಲುತ್ತದೆ. ಇದರಲ್ಲಿಲ್ಲ. ಇದೇ ಈ ರ‍್ಯಾಕಿನ ದೊಡ್ಡ ಕೊರತೆ ಅಂತ ನನ್ನ ಲೆಕ್ಕ. ಕೊಳ್ಳುವಾಗ ಇನ್ನೊಂದು ಸಾವಿರ ಹೆಚ್ಚಾದರೂ ಆ ಎರಡನೇ ತೊಟ್ಟಿಲು ಇರುವುದನ್ನು ಹುಡುಕಿ. ಇಲ್ಲದವರಿಗೆ ಮತ್ತೆ ಹಳೆಯ ಟ್ಯೂಬೇ ಗತಿ. ಮುಂದಿನ ಚಕ್ರ ಬಿಚ್ಚದಿದ್ದರೆ ಅದನ್ನು ಫ್ರೇಮಿನ ಕೆಳ ಪೈಪಿಗೆ ಕಟ್ಟಬೇಕು, ಇಲ್ಲದಿದ್ದರೆ ಹ್ಯಾಂಡಲ್ ತಿರುಗಿ ಗಾಜಿಗೆ ಹೊಡೆಯುತ್ತದೆ. ಎರಡು ಸೈಕಲ್ಲನ್ನು ಒಂದಕ್ಕೊಂದು ಕಟ್ಟಬೇಕು. ಆಮೇಲೆ ಎರಡನ್ನೂ ಸೇರಿಸಿ ರ‍್ಯಾಕಿನ ಮೈಗೆ ಕಟ್ಟಬೇಕು. ಪ್ಲಾಸ್ಟಿಕ್ ಹಗ್ಗ ಜಾರುತ್ತದೆ, ಟ್ಯೂಬು ಹಿಗ್ಗಿ ಕಚ್ಚಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಬೇರೆಯೇ ಬೆಲ್ಟು. ಇದು ರ‍್ಯಾಕಿನದಲ್ಲ, ನಾನು ಹಾರ್ಡ್‌ವೇರ್ ಅಂಗಡಿಯಿಂದ ತಂದದ್ದು. ಸೈಕಲ್ಲುಗಳ ಫ್ರೇಮಿನ ಒಳಗಿಂದ ಹಾಯಿಸಿ, ಕಾರಿನ ಒಳಗೆ ಡಿಕ್ಕಿಯ ನೆಲದಲ್ಲಿರುವ ಬಾಗಿಲಿನ ಲಾಕಿನ ಕೊಂಡಿಗೆ ಹಾಕಿ ಬಾಗಿಲು ಮುಚ್ಚುತ್ತೇನೆ. ರ‍್ಯಾಕಿನ ಆರು ಬೆಲ್ಟಿಗೂ ಇದಕ್ಕೂ ಸಂಬಂಧವಿಲ್ಲ. ಅವೆಲ್ಲ ಬಿಟ್ಟುಕೊಂಡರೂ ಸೈಕಲ್ ಹಿಂದೆ ಬರುವ ಬೈಕಿನವನ ಮೇಲೆ ಹೋಗಿ ಬೀಳಬಾರದು ಅನ್ನುವುದಕ್ಕೆ ಇದು. ನಮ್ಮ ಸೈಕಲ್ ಮುರಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಹಿಂದೆ ಬರುವವರ ಗತಿ ಏನು?

ಹೊರಟ ಮೇಲೆ 10-15 ಕಿ.ಮೀ. ಆಗುತ್ತಿದ್ದಂತೆ ಒಮ್ಮೆ ನಿಲ್ಲಿಸಲೇಬೇಕು. ಹೊಸ ಬೆಲ್ಟು ಹಿಗ್ಗುತ್ತದೆ, ಸ್ಪಂಜು ಒತ್ತಿಕೊಂಡು ತಗ್ಗುತ್ತದೆ. ಎಲ್ಲ ಬೆಲ್ಟೂ ಸ್ವಲ್ಪ ಸಡಿಲವಾಗಿರುತ್ತದೆ. ನಾವು ಹುಬ್ಬಳ್ಳಿ ದಾಟುವ ಹೊತ್ತಿಗೆ ಒಮ್ಮೆ ಎಳೆದು ನೋಡುತ್ತೇವೆ. ಅಲ್ಲಿಂದ ಮುಂದೆ ಚಹಾಕ್ಕೆ ನಿಂತಾಗಲೆಲ್ಲ ಮಗನ ಕೆಲಸ ಅದೇ. ನೈಲಾನ್ ಬೆಲ್ಟಾದರೆ ಮಳೆಯಲ್ಲಿ ನೆನೆದು ಇನ್ನಷ್ಟು ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಕೊಳ್ಳುವಾಗ ಕೇಳಿ ನೋಡಿ, ಅಂಗಡಿಯವರಿಗೆ ಗೊತ್ತಿದ್ದರೆ ನಿಮ್ಮ ಅದೃಷ್ಟ. ಬೆಲ್ಟಿನ ಬಾಲಗಳನ್ನು ಗಂಟು ಹಾಕಿ ಒಳಗೆ ಸಿಕ್ಕಿಸಬೇಕು. ಗಾಳಿಗೆ ಬಡಿದುಕೊಂಡ ಬಾಲ ಪೇಂಟನ್ನೂ ಸವೆಸುತ್ತದೆ, ಬಕಲ್ಲನ್ನೂ ಸಡಿಲಿಸುತ್ತದೆ. ಇನ್ನು ವೇಗ 70 ದಾಟುತ್ತಿದ್ದಂತೆ ಮೇಲಿನ ಬೆಲ್ಟು ಗುಂಯ್ ಅಂತ ಹಾಡಲು ಶುರು ಮಾಡುತ್ತದೆ. ಅದಕ್ಕೆ ಮದ್ದು ಸುಲಭ. ಕಟ್ಟುವಾಗಲೇ ಬೆಲ್ಟಿಗೆ ಒಂದು ತಿರುವು ಕೊಡಿ. ಚಪ್ಪಟೆಯಾಗಿ ಗಾಳಿಗೆ ನಿಂತರೆ ನಡುಗುತ್ತದೆ, ತಿರುಚಿಕೊಂಡರೆ ಸುಮ್ಮನಾಗುತ್ತದೆ.

ಓಡಿಸುವವರಿಗೆ ಇದು ಹೇಗಿರುತ್ತದೆ ಅಂದರೆ, ಕಾರಿನ ಉದ್ದ ಎರಡು ಅಡಿ ಜಾಸ್ತಿಯಾಗಿದೆ ಅಂತ ತಿಳಿದು ಓಡಿಸಬೇಕು. ರಿವರ್ಸ್ ಸೆನ್ಸರ್ ಹಿಂದೆ ಗೋಡೆ ಇದೆ ಅಂತ ಚೀರುತ್ತಲೇ ಇರುತ್ತದೆ, ಅದನ್ನು ನಂಬುವ ಹಾಗಿಲ್ಲ. ಒಳಗಿನ ಕನ್ನಡಿಯಲ್ಲಿ ಕಾಣುವುದು ಬರೀ ಚಕ್ರ, ಕಡ್ಡಿ. ಹೊರಗಿನ ಎರಡು ಕನ್ನಡಿಗಳೇ ಆಧಾರ. ನಾನು 80ರ ಮೇಲೆ ಹೋಗುವುದಿಲ್ಲ. ಕೊಲ್ಹಾರದ ಕೃಷ್ಣಾ ಸೇತುವೆಯ ಮೇಲೆ ಅದಕ್ಕೂ ಕಡಿಮೆ. ಎರಡೂ ಕಡೆ ಆಲಮಟ್ಟಿಯ ಹಿನ್ನೀರು, ಅಡ್ಡಗಾಳಿ ಬೀಸಿದರೆ ಹಿಂದಿನ ಸೈಕಲ್ಲು ಕಾರನ್ನು ಪಕ್ಕಕ್ಕೆ ಎಳೆದ ಹಾಗಾಗುತ್ತದೆ. ಅಪಾಯ ಅನ್ನುವಷ್ಟಲ್ಲ, ಸ್ಟೇರಿಂಗ್ ಎರಡು ಕೈಯಲ್ಲಿ ಹಿಡಿಯುವಷ್ಟು. ಸೇತುವೆ ದಾಟಿದ ಮೇಲೆ ಕೊಲ್ಹಾರದ ಮಣ್ಣಿನ ಗಡಿಗೆಯ ಮೊಸರಿಗೆ ಹೇಗೂ ನಿಲ್ಲಿಸುತ್ತೇವೆ, ಬೆಲ್ಟು ನೋಡಿದ ಹಾಗೂ ಆಯಿತು.

ಡಿಕ್ಕಿ ತೆರೆಯಲಿಕ್ಕಾಗುವುದಿಲ್ಲ ಅನ್ನುವುದು ಇನ್ನೊಂದು ಕಷ್ಟ. ಸೈಕಲ್ ಹೊತ್ತ ಬಾಗಿಲನ್ನು ಎತ್ತಿದರೆ ಕೊಕ್ಕೆ ಬಿಟ್ಟುಕೊಳ್ಳುತ್ತದೆ. ಊಟದ ಗಂಟು, ನೀರು, ಸ್ವೆಟರು, ಅತ್ತೆಯವರ ಮಾತ್ರೆಯ ಡಬ್ಬಿ, ದಾರಿಯಲ್ಲಿ ಬೇಕಾಗುವ ಎಲ್ಲವೂ ಮೊದಲೇ ಸೀಟಿನ ಕಡೆ ಬರಬೇಕು.

ಇನ್ನು ಕಾನೂನು. ಇದನ್ನು ರ‍್ಯಾಕ್ ಮಾರುವವರು ಯಾರೂ ಹೇಳುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮದಂತೆ ನಂಬರ್ ಮುಂದೆಯೂ ಹಿಂದೆಯೂ ಸ್ಪಷ್ಟವಾಗಿ ಕಾಣಬೇಕು. ವ್ಯಾಗನ್ ಆರ್ ನಂಬರ್ ಪ್ಲೇಟ್ ಇರುವುದು ಹಿಂಬಾಗಿಲಿನ ನಡುವೆ. ಎರಡು ಸೈಕಲ್ ಹಾಕಿದರೆ ಪ್ಲೇಟಿನ ಮುಂದೆ ಒಂದು ಪೆಡಲ್ಲೋ, ಚೈನ್ ಚಕ್ರವೋ ಬಂದೇ ಬರುತ್ತದೆ. ಇಂಗ್ಲೆಂಡ್, ಜರ್ಮನಿ ಕಡೆ ಇನ್ನೊಂದು ನಂಬರ್ ಪ್ಲೇಟ್, ಇನ್ನೊಂದು ಜೊತೆ ದೀಪ ಇರುವ ಹಲಗೆಯನ್ನು ಸೈಕಲ್ಲಿನ ಹೊರಗೆ ಕಟ್ಟಿಕೊಳ್ಳುತ್ತಾರೆ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಹೆಚ್ಚಿನ ಭದ್ರತೆಯ ನಂಬರ್ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ ಬಂದಿದೆ. ಲೇಸರ್ ಸಂಖ್ಯೆ ಕೊರೆದ, ಒಮ್ಮೆ ಹಾಕಿದರೆ ಬಿಚ್ಚಲಾಗದ ಲಾಕಿನ ಪ್ಲೇಟದು. ಅಂಗಡಿಯಲ್ಲಿ ಬರೆಸಿ ತೂಗುಹಾಕಿದ ಪ್ಲೇಟು ಅದಕ್ಕೆ ಸಮನಲ್ಲ.

ನರಗುಂದದ ಹತ್ತಿರ ಒಮ್ಮೆ ನಿಲ್ಲಿಸಿದ ಪೊಲೀಸರು ಕೇಳಿದ್ದು ಇದನ್ನೇ. "ಅಕ್ಕಾರ, ನಂಬರ್ ಎಲ್ಲೈತ್ರಿ?" ಕೆಳಗೆ ಬಗ್ಗಿದರೆ ಕಾಣುತ್ತಿತ್ತು. ಬಗ್ಗಿ ನೋಡಿದರು, ಮಗಳ ಜೆರ್ಸಿ ನೋಡಿ ಎಲ್ಲಿ ರೇಸ್ ಅಂತ ಕೇಳಿದರು, ಬಿಟ್ಟರು. ಆದರೆ ಕ್ಯಾಮೆರಾ ಬಗ್ಗಿ ನೋಡುವುದಿಲ್ಲ ಅಲ್ವಾ? ಬೆಂಗಳೂರು-ಮೈಸೂರು ಹೆದ್ದಾರಿಯಂಥ ಕಡೆ ಸಾಲಾಗಿ ಕ್ಯಾಮೆರಾಗಳಿವೆ. ಅಲ್ಲಿ 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ. ಸೈಕಲ್ ಕಾರಿನ ಬೆನ್ನಿಗೇ ಬರಬೇಕು, ಬಂದರೆ ನಂಬರ್ ಮುಚ್ಚುತ್ತದೆ. ಆ ಕಡೆಯವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ನಾನು ಈಗ ಮಾಡುವುದು ಹೀಗೆ. ತೋಳಿನ ಕೋನ ಆದಷ್ಟು ಮೇಲಕ್ಕೆ ಇಟ್ಟು ಸೈಕಲ್ಲನ್ನು ಎತ್ತರದಲ್ಲಿ ಕೂರಿಸುತ್ತೇನೆ, ಆಗ ಪ್ಲೇಟು ಕೆಳಗಿಂದ ಬಹುಪಾಲು ತೆರೆದುಕೊಳ್ಳುತ್ತದೆ. ವ್ಯಾಗನ್ ಆರ್ ಹಿಂದಿನ ದೀಪಗಳು ಕಂಬದಂತೆ ಉದ್ದಕ್ಕೆ ಎರಡು ಅಂಚಿನಲ್ಲಿರುವುದು ಒಂದು ಪುಣ್ಯ, ಪೂರ್ತಿ ಮುಚ್ಚಿಹೋಗುವುದಿಲ್ಲ. ಎರಡೂ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಒಳಗೆ ಇಟ್ಟುಕೊಳ್ಳುತ್ತೇನೆ. ಕಾರಿನ ಅಗಲ 1620 ಮಿ.ಮೀ., ರೋಡ್ ಸೈಕಲ್ಲಿನ ಉದ್ದ ಅದಕ್ಕಿಂತ ಸ್ವಲ್ಪ ಜಾಸ್ತಿಯೇ. ಚಕ್ರ ಬಿಚ್ಚಿದರೆ ಸೈಕಲ್ ಕಾರಿನ ಅಗಲದೊಳಗೆ ಮುಗಿಯುತ್ತದೆ, ದೀಪವೊಂದೂ ಕಾಣುತ್ತದೆ. ಮಿತಿ ಮೀರಿ ಹೊರಚಾಚಿದ ಲೋಡಿಗೆ 2019ರ ತಿದ್ದುಪಡಿ ಆದ ಮೇಲೆ ದಂಡ 20,000 ರೂಪಾಯಿ. ಸೈಕಲ್ಲಿನ ಚಕ್ರಕ್ಕೆ ಅಷ್ಟು ಹಾಕುತ್ತಾರೋ ಇಲ್ಲವೋ ಅನ್ನುವ ವಾದಕ್ಕೆ ನಾನು ರಸ್ತೆ ಬದಿಯಲ್ಲಿ ನಿಲ್ಲಲಾರೆ. ರಾತ್ರಿ ಓಡಿಸುವುದಿಲ್ಲ. ತಲುಪಿದ ಮೇಲೆ ಸೈಕಲ್ ಇಳಿಸಿ, ರ‍್ಯಾಕನ್ನೂ ಬಿಚ್ಚುತ್ತೇನೆ.

ಕಳ್ಳರ ವಿಷಯದಲ್ಲಿ ಈ ರ‍್ಯಾಕ್ ಏನೂ ಮಾಡುವುದಿಲ್ಲ. ಒಂದು ಬ್ಲೇಡು ಸಾಕು, ಬೆಲ್ಟು ಕತ್ತರಿಸಿ ರ‍್ಯಾಕ್ ಸಮೇತ ಹೊತ್ತುಕೊಂಡು ಹೋಗಬಹುದು. ಊಟಕ್ಕೆ ಕೂತರೆ ಕಿಟಕಿಯಿಂದ ಕಾರು ಕಾಣುವ ಖಾನಾವಳಿಯೇ ಬೇಕು. ಲಾಡ್ಜಿನಲ್ಲಿ ಸೈಕಲ್ ರೂಮಿಗೇ ಬರುತ್ತದೆ. ಕೌಂಟರಿನವರು ಮುಖ ಸಿಂಡರಿಸಿದರೆ ಚಕ್ರ ಒರೆಸಿ ತೋರಿಸಿದರಾಯಿತು. ರೇಸಿನ ದಿನಗಳಲ್ಲಿ ವಿಜಯಪುರದ ಲಾಡ್ಜುಗಳಲ್ಲಿ ಅದೇನು ಹೊಸದಲ್ಲ.

ಬೇಸರ ತಂದದ್ದು ಒಂದೇ, ಮಾರಿದವರ ಸೇವೆ. ತೊಟ್ಟಿಲಿನ ರಬ್ಬರ್ ಪಟ್ಟಿಗಳು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಿರುಕು ಬಿಟ್ಟವು. ಬಿಸಿಲಿಗೆ ರಬ್ಬರ್ ಒಡೆಯುವುದು ಸಹಜ, ಅದಕ್ಕೆ ಜಗಳವಿಲ್ಲ. ಬೇರೆ ಪಟ್ಟಿ ಕಳಿಸಿ, ದುಡ್ಡು ಕೊಡುತ್ತೇನೆ ಅಂತ ಕೇಳಿದೆ. ಬಿಡಿಭಾಗ ಇಲ್ಲ, ಹೊಸ ರ‍್ಯಾಕ್ ಕೊಂಡರೆ ರಿಯಾಯಿತಿ ಕೊಡುತ್ತೇವೆ ಅಂದರು. ನಾಲ್ಕು ರಬ್ಬರ್ ಪಟ್ಟಿಗೆ ಇಡೀ ರ‍್ಯಾಕ್! ಫೋನ್ ಇಟ್ಟೆ. ಪೇಟೆಯಲ್ಲಿ ಅಗಲವಾದ ವೆಲ್ಕ್ರೋ ಪಟ್ಟಿ ತಂದು, ಒಳಗೆ ಟ್ಯೂಬಿನ ತುಂಡು ಹಾಕಿ ಸುತ್ತಿದ್ದೇನೆ. ಹಿಡಿತ ಮೊದಲಿನದಕ್ಕಿಂತ ಚೆನ್ನಾಗಿದೆ. ಆದರೂ ಕೊಳ್ಳುವ ಮೊದಲು ಬಿಡಿಭಾಗ ಸಿಗುತ್ತದಾ ಅಂತ ಕೇಳಿ, ಸಿಗುತ್ತದೆ ಅಂದವರ ಬಳಿಯೇ ಒಂದು ಜೊತೆ ಬೆಲ್ಟು, ಒಂದು ಜೊತೆ ರಬ್ಬರ್ ಅವತ್ತೇ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ. ಬಳಸದಾಗ ರ‍್ಯಾಕನ್ನು ಕಾರಿನ ಮೇಲೆ ಬಿಡಬೇಡಿ. ನಮ್ಮದು ಮಡಚಿಕೊಂಡು ಅಟ್ಟದ ಮೇಲೆ ಕೂರುತ್ತದೆ, ಬೆಲ್ಟುಗಳು ಬೇರೆ ಚೀಲದಲ್ಲಿ, ಇಲಿಗೆ ಸಿಗದ ಹಾಗೆ.